ಹಬ್ಬದ ಮನೆಯಲ್ಲಿ ಮರೆವಿನ ಹಿರಿಯರು

(ಅಂಬ್ಲಿಗೊಳದ ರೈತ ಕುಟುಂಬಗಳ ಮುಂದೆ ಮಾಡಿದ ಭಾಷಣ)



ಈಗ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿದೆ. ಇನ್ನು ಕೆಲವೇ ದಿವಸಗಳಲ್ಲಿ ಭೂಮಿ ಹುಣ್ಣಿಮೆ, ಅದರ ಬೆನ್ನಿಗೇ ದೀಪಾವಳಿ. ಬೆಂಗಳೂರು, ಶಿವಮೊಗ್ಗಗಳಲ್ಲಿ ದುಡಿಯುವ ಮಕ್ಕಳು ರಜೆ ಹಾಕಿ ಊರಿಗೆ ಬರುತ್ತಾರೆ. ಇಂಥ ಸಮಯದಲ್ಲಿ ಬೀಜ, ಗೊಬ್ಬರ, ಕಾಲುವೆ ನೀರಿನ ಮಾತನ್ನು ಬದಿಗಿಟ್ಟು, ಮನೆಯ ಮೂಲೆಯಲ್ಲಿ ಕುಳಿತಿರುವ ಒಂದು ಹಿರಿಯ ಜೀವದ ವಿಷಯವನ್ನು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

"ಅರವತ್ತಕ್ಕೆ ಅರಳು ಮರಳು" ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಅಜ್ಜಿ ಈಗ ತಾನೇ ಉಂಡು, ಕೈತೊಳೆದು ಬಂದು, "ನನಗೆ ಯಾರೂ ಊಟ ಹಾಕಲಿಲ್ಲ" ಎನ್ನುತ್ತಾಳೆ. ಅಜ್ಜ ತಾನೇ ಉತ್ತು ಬೆಳೆದ ಗದ್ದೆಯ ದಾರಿ ತಪ್ಪುತ್ತಾನೆ. ನಾವು ಈ ಗಾದೆಯನ್ನು ಹೇಳಿ ನಕ್ಕು ಸುಮ್ಮನಾಗುತ್ತೇವೆ. ಈ ಗಾದೆ ಅರ್ಧ ಮಾತ್ರ ನಿಜ. ವಯಸ್ಸಾದಂತೆ ಹೆಸರು ಬೇಗ ನೆನಪಿಗೆ ಬಾರದಿರುವುದು, ಇಟ್ಟ ವಸ್ತುವನ್ನು ಹುಡುಕುವುದು ಸಹಜ. ಆದರೆ ಉಂಡದ್ದೇ ಮರೆತುಹೋಗುವುದು, ಸೀರೆ ಉಡುವ ಕ್ರಮ ತಪ್ಪುವುದು, ಮಗನನ್ನು ಗುರುತಿಸದಿರುವುದು ಮುಪ್ಪಿನ ಸಹಜ ಲಕ್ಷಣಗಳಲ್ಲ. ಇವು ಮಿದುಳಿಗೆ ತಗಲುವ ರೋಗದ ಗುರುತುಗಳು. ಇದನ್ನು ಮರೆಗುಳಿ ರೋಗವೆಂದೂ, ವೈದ್ಯರ ಮಾತಿನಲ್ಲಿ ಡಿಮೆನ್ಷಿಯಾ ಎಂದೂ ಕರೆಯುತ್ತಾರೆ. ಇದರಲ್ಲಿ ಹಲವು ಬಗೆಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆಯನ್ನು 1906ರಲ್ಲಿ ಜರ್ಮನಿಯ ವೈದ್ಯ ಆಲ್ಝೈಮರ್ ಮೊದಲು ವಿವರಿಸಿದರು. ಅದಕ್ಕೆ ಅವರ ಹೆಸರೇ ನಿಂತಿದೆ. ದೇವರ ಶಾಪವೂ ಅಲ್ಲ, ಮಾಟವೂ ಅಲ್ಲ, ಹಠವೂ ಅಲ್ಲ.

ನಮ್ಮ ದೇಶದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಸುಮಾರು ಏಳು ಮಂದಿಗೆ ಈ ರೋಗವಿದೆಯೆಂದೂ, ಒಟ್ಟು ಸಂಖ್ಯೆ 88 ಲಕ್ಷದಷ್ಟಾಗುತ್ತದೆಂದೂ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಹಳ್ಳಿಯವರಲ್ಲಿ ಈ ರೋಗ ಹೇಗೆ ಮೊದಲಾಗುತ್ತದೆಂದು ತಿಳಿಯುವುದಕ್ಕಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನ ಆರಂಭಿಸಿದರು. 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋಗುವುದು ಅದರ ಗುರಿ. ನಮ್ಮಂಥ ರೈತರೇ ಅದಕ್ಕೆ ಮುಂದೆ ಬಂದು ತಮ್ಮನ್ನು ಒಪ್ಪಿಸಿಕೊಂಡಿದ್ದಾರೆ. ಆದುದರಿಂದ ಇದು ಪೇಟೆಯವರ ರೋಗ, ಓದಿದವರ ರೋಗ ಎಂದು ಯಾರೂ ಭಾವಿಸಬಾರದು.

ಮೊದಲು ವೈದ್ಯರಲ್ಲಿಗೆ

ಕಾಣಿಕೆಯ ಮಾತಿಗೆ ಬರುವ ಮುನ್ನ ಒಂದು ಎಚ್ಚರಿಕೆ. ಮರೆವೆಲ್ಲವೂ ಮರೆಗುಳಿ ರೋಗವಲ್ಲ. ಥೈರಾಯ್ಡ್ ಗ್ರಂಥಿಯ ಕೊರತೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿರುವುದು, ಕೆಲವು ಮಾತ್ರೆಗಳ ದೋಷ—ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯುಂಟು. ನಿನ್ನೆಯವರೆಗೆ ಸರಿಯಾಗಿದ್ದ ಅಜ್ಜ ಇದ್ದಕ್ಕಿದ್ದಂತೆ ಒಂದೆರಡು ದಿನಗಳಲ್ಲಿ ಬಡಬಡಿಸತೊಡಗಿದರೆ, ಅದು ಮೂತ್ರದ ಸೋಂಕು, ಎದೆಯ ಸೋಂಕು, ನೀರು ಕಡಿಮೆಯಾದದ್ದು, ಇಂಥ ಯಾವುದರಿಂದಲೋ ಆಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಶಿಕಾರಿಪುರ, ಸೊರಬದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ದೊರೆಯುವ ದಿನವನ್ನು ತಿಳಿದುಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೂ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇವೆ. ಮನೆಯಿಂದಲೇ ಕೇಳಬೇಕಾದರೆ 14416 ಸಂಖ್ಯೆಗೆ ದೂರವಾಣಿ ಮಾಡಬಹುದು. ಇದು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಉತ್ತರ ಸಿಗುತ್ತದೆ. ಹಿರಿಯರ ಇತರ ಕಷ್ಟಗಳಿಗೆ 14567 ಇದೆ.

ಕಣಜದ ತಳದ ಭತ್ತ

ಈ ರೋಗದಲ್ಲಿ ಏನು ಹೋಗುತ್ತದೆ, ಏನು ಉಳಿಯುತ್ತದೆ ಎಂಬುದನ್ನು ತಿಳಿದರೆ ಉಳಿದ ಕೆಲಸ ಸುಲಭ. ನೆನಪನ್ನು ಒಂದು ಕಣಜವೆಂದುಕೊಳ್ಳಿ. ಮೇಲೆ ಸುರಿದ ಹೊಸ ಭತ್ತ ನಿಲ್ಲುವುದಿಲ್ಲ; ತಳದಲ್ಲಿರುವ ಹಳೆಯ ಭತ್ತ ಬಹುಕಾಲ ಉಳಿಯುತ್ತದೆ. ಬೆಳಗಿನ ತಿಂಡಿ ಮರೆತ ಅಜ್ಜಿಗೆ ತಾನು ಮದುವೆಯಾಗಿ ಬಂದ ದಿನದ ಚಪ್ಪರ ನೆನಪಿರುತ್ತದೆ. ಮಾತಿನ ನೆನಪಿಗಿಂತ ಕೈಯ ನೆನಪು ಇನ್ನೂ ಗಟ್ಟಿ. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಮೊರದಲ್ಲಿ ಅಕ್ಕಿ ಕೇರುವುದು, ಹಗ್ಗ ಹೊಸೆಯುವುದು, ಇವನ್ನು ಕೈಬೆರಳುಗಳು ಬೇಗ ಮರೆಯುವುದಿಲ್ಲ. ಹಾಡೂ ಹಾಗೆಯೇ. ಮಾತು ತಡವರಿಸುವ ಅಜ್ಜಿ ಸೋಬಾನೆಯ ಪದವನ್ನು ತಡೆಯಿಲ್ಲದೆ ಹೇಳುವುದುಂಟು.

ಇನ್ನೂ ಒಂದು ಸಂಗತಿ. ನಡೆದದ್ದು ಮರೆತುಹೋದ ಮೇಲೂ ಅದರಿಂದಾದ ಸಂತೋಷವಾಗಲಿ ದುಃಖವಾಗಲಿ ಕೆಲಕಾಲ ಮನಸ್ಸಿನಲ್ಲಿ ನಿಲ್ಲುತ್ತದೆಂದು ಪರೀಕ್ಷೆಗಳಿಂದ ತಿಳಿದುಬಂದಿದೆ. ನೀವು ಗದರಿಸಿದ ಮಾತು ಅಜ್ಜಿಗೆ ಮರೆತೀತು. ಗದರಿಸಿಕೊಂಡ ನೋವು ಉಳಿದೀತು. "ಹೇಗಿದ್ದರೂ ಮರೆಯುತ್ತಾಳೆ" ಎಂಬ ಮಾತು ಆದುದರಿಂದ ನಿಷ್ಕರುಣೆಯದು, ಸುಳ್ಳೂ ಹೌದು.

ಹಬ್ಬದ ದಿವಸ ಏನಾಗುತ್ತದೆ

ಹಬ್ಬ ನಮಗೆ ಸಂಭ್ರಮ. ಮರೆವಿನ ಹಿರಿಯರಿಗೆ ಅದೇ ಗಾಬರಿ. ಮನೆತುಂಬ ಜನ, ಪಾತ್ರೆಯ ಸದ್ದು, ಪಟಾಕಿ. ನಮ್ಮ ಶಿಕಾರಿಪುರ ಸೊರಬ ಸೀಮೆಯಲ್ಲಿ ದೀಪಾವಳಿಯೆಂದರೆ ಹೋರಿ ಹಬ್ಬ. ತಮಟೆ, ಕೂಗು, ಓಟ. ಅಜ್ಜ ಒಂದು ಕಾಲದಲ್ಲಿ ತಾನೇ ಹೋರಿ ಬಿಟ್ಟವನಿರಬಹುದು. ಹಾಗೆಂದು ಈಗ ಅವನನ್ನು ಆ ಗದ್ದಲದ ನಡುವೆ ಕೂರಿಸಬಾರದು. ಹೋರಿಗೆ ಕೊಬ್ಬರಿ ಹಾರ, ಬಲೂನು ಕಟ್ಟಿ ಶೃಂಗರಿಸುವಾಗ ಮುಂಜಾನೆ ಕೊಟ್ಟಿಗೆಯಲ್ಲಿ ಅವನ ಕೈಯನ್ನು ಹೋರಿಯ ಬೆನ್ನಮೇಲೆ ಇರಿಸಿ. ಅವನಿಗೆ ಅಷ್ಟು ಹಬ್ಬ ಸಾಕು.

ಹಬ್ಬಕ್ಕೆ ಬಂದ ನೆಂಟರು ಮಾಡುವ ಒಂದು ಕೆಲಸವಂತೂ ನಿಲ್ಲಬೇಕು. ಒಬ್ಬೊಬ್ಬರಾಗಿ ಬಂದು ಎದುರಿಗೆ ನಿಂತು, "ನಾನು ಯಾರು, ಹೇಳು ನೋಡೋಣ?" ಎಂದು ಕೇಳುವುದು. ಇದು ಪ್ರೀತಿಯ ಮಾತೆಂದು ಕೇಳುವವರು ತಿಳಿದಿರುತ್ತಾರೆ. ಕೇಳಿಸಿಕೊಂಡವರಿಗೆ ಅದು ಸೋಲಲೇಬೇಕಾದ ಪರೀಕ್ಷೆ. ಅದರ ಬದಲು ಪಕ್ಕದಲ್ಲಿ ಕುಳಿತು, ಕೈ ಹಿಡಿದು, "ಅವ್ವಾ, ನಾನು ನಿನ್ನ ಎರಡನೇ ಮಗಳು, ಸೊರಬದಿಂದ ಬಂದೆ" ಎಂದು ನೀವೇ ಹೇಳಿ. ಗುರುತು ಸಿಕ್ಕರೆ ಸಂತೋಷ. ಸಿಗದಿದ್ದರೂ ಯಾರೋ ತನ್ನವರು ಬಂದಿದ್ದಾರೆಂಬ ನೆಮ್ಮದಿ ಅವರಿಗಿರುತ್ತದೆ. ತೀರಿಹೋದ ಯಜಮಾನರನ್ನು "ಎಲ್ಲಿ ಹೋದರು, ಇನ್ನೂ ಬರಲಿಲ್ಲ" ಎಂದು ಕೇಳಿದರೆ, ಪ್ರತಿಸಲವೂ ಸಾವಿನ ಸುದ್ದಿ ಹೇಳಬೇಡಿ. ಅವರಿಗೆ ಅದು ಪ್ರತಿಸಲವೂ ಹೊಸ ಸಾವು. "ಅವರು ಯಾವ ಗದ್ದೆ ಮಾಡುತ್ತಿದ್ದರು?" ಎಂದು ಮಾತು ತೆಗೆಯಿರಿ.

ಹಬ್ಬದ ಹೊತ್ತಿನ ಏರ್ಪಾಡು ಹೀಗಿರಲಿ. ಹಿರಿಯರಿಗಾಗಿ ಒಂದು ಕೋಣೆ ಅಥವಾ ಜಗಲಿಯ ಒಂದು ಮೂಲೆ ಮೌನವಾಗಿರಲಿ. ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಜನ ಸುತ್ತುವರಿಯಬೇಡಿ. ಮುಖ್ಯ ಕಾರ್ಯಗಳನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ. ಸಂಜೆಯಾದಂತೆ ಇವರಲ್ಲಿ ಹಲವರಿಗೆ ತಳಮಳ ಹೆಚ್ಚುತ್ತದೆ. ಮುಸ್ಸಂಜೆಗೆ ಮುಂಚೆಯೇ ದೀಪ ಹಚ್ಚಿ. ಅರೆಗತ್ತಲೆಯ ನೆರಳುಗಳು ಭಯ ಹುಟ್ಟಿಸುತ್ತವೆ. ನೀರು, ಊಟ, ಮಾತ್ರೆ, ನಿದ್ರೆಯ ವೇಳೆ ಹಬ್ಬದ ದಿನವೂ ತಪ್ಪಬಾರದು.

ಭೂಮಿ ಹುಣ್ಣಿಮೆ ಇವರಿಗೆ ಬಹಳ ಒಗ್ಗುವ ಹಬ್ಬ. ಆ ಹೊತ್ತಿಗೆ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಅದು ದಿವಸಗಟ್ಟಲೆ ನಿಧಾನವಾಗಿ, ಸದ್ದಿಲ್ಲದೆ ನಡೆಯುವ ಕೆಲಸ. ವರ್ಷ ವರ್ಷವೂ ಬುಟ್ಟಿ ಬರೆದ ಅಜ್ಜಿಯ ಕೈಗೆ ನಾರಿನ ಕುಂಚ ಕೊಡಿ. ಎಳೆ ಸೊಟ್ಟಗಾದರೆ ಆಗಲಿ, ತಿದ್ದಬೇಡಿ. ಬೆಳಗಿನ ಜಾವದ ಕತ್ತಲಲ್ಲಿ ಗದ್ದೆಯ ಬದುವಿನ ಮೇಲೆ ನಡೆಸಿಕೊಂಡು ಹೋಗುವುದು ಅಪಾಯ. ಬೆಳಕಾದ ಮೇಲೆ ಇಬ್ಬರು ಜೊತೆಗೂಡಿ ಹತ್ತಿರದ ಗದ್ದೆಯಂಚಿಗೆ ಕರೆದೊಯ್ದು ಹಚ್ಚಂಬಲಿ ಬೀರಿಸಿ.

ಪ್ರವಾಸದ ಮಾತು

ರಜೆಗೆ ಬಂದ ಮಕ್ಕಳು ಕಾರು ತಂದಿರುತ್ತಾರೆ. "ಅಜ್ಜಿಯನ್ನೂ ಜೋಗಕ್ಕೆ, ಚಂದ್ರಗುತ್ತಿಗೆ ಕರೆದುಕೊಂಡು ಹೋಗೋಣ" ಎನ್ನುತ್ತಾರೆ. ಆಸೆ ಒಳ್ಳೆಯದೇ. ರೋಗ ಇನ್ನೂ ಮೊದಲ ಹಂತದಲ್ಲಿದ್ದರೆ, ಅವರು ಹಿಂದೆ ನೋಡಿದ ಊರಿಗೆ, ಜನ ಕಡಿಮೆಯಿರುವ ದಿವಸ, ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಮರಳುವಂತೆ ಹೋಗಬಹುದು. ರೋಗ ಬಲಿತಿದ್ದರೆ ದೂರದ ಪ್ರವಾಸ ಬೇಡ. ಅವರ ತವರಿನ ಬೀದಿ, ಅಂಬ್ಲಿಗೊಳದ ಜಲಾಶಯದ ದಂಡೆಯಲ್ಲಿ ಒಂದು ಗಂಟೆಯ ಗಾಳಿ, ಸ್ವಂತ ತೋಟದ ಅಡಿಕೆ ಮರದ ನೆರಳು ಇವೇ ಅವರಿಗೆ ಪ್ರವಾಸ. ರಾತ್ರಿ ಮಾತ್ರ ತಮ್ಮ ಹಾಸಿಗೆಯಲ್ಲೇ ಮಲಗಲಿ.

ಇದೇ ಕಾರಣಕ್ಕೆ ಇನ್ನೊಂದು ಪದ್ಧತಿಯನ್ನು ಮರುಯೋಚಿಸಬೇಕು. ತಂದೆತಾಯಿಯರನ್ನು ಅಣ್ಣತಮ್ಮಂದಿರು ಪಾಳಿಯಂತೆ ಹಂಚಿಕೊಂಡು, ಎರಡು ತಿಂಗಳು ಇಲ್ಲಿ, ಎರಡು ತಿಂಗಳು ಬೆಂಗಳೂರಿನಲ್ಲಿ ಎಂದು ಇಡುವುದುಂಟು. ಮರೆವಿನವರಿಗೆ ಮನೆ ಬದಲಾದಾಗಲೆಲ್ಲ ಬಚ್ಚಲು ಎಲ್ಲಿ, ಬಾಗಿಲು ಎಲ್ಲಿ ಎಂಬುದೇ ತಿಳಿಯದೆ ದಿಕ್ಕು ತಪ್ಪುತ್ತದೆ. ಮಕ್ಕಳು ಪಾಳಿಯಂತೆ ಅವರಿದ್ದಲ್ಲಿಗೆ ಬರಲಿ. ಅವರನ್ನು ಪಾಳಿಯಂತೆ ಸಾಗಿಸಬೇಡಿ.

ಮನೆಯಲ್ಲೇ ಮಾಡುವ ಕಾಣಿಕೆ

ಹಬ್ಬಕ್ಕೆ ಬರುವವರು ಹಿರಿಯರಿಗೆ ಹೊಸ ರೇಷ್ಮೆ ಸೀರೆಯನ್ನೋ, ಹೊಸ ಫೋನನ್ನೋ ತರುತ್ತಾರೆ. ಹೊಸ ಸೀರೆಯ ಗಂಜಿ ಮೈಗೆ ಚುಚ್ಚುತ್ತದೆ. ಹೊಸ ಫೋನು ಕೈಗೆ ಒಗ್ಗುವುದಿಲ್ಲ. ಮರೆವಿನವರ ಕೈಗಳು ಸುಮ್ಮನಿರಲಾರದೆ ಸೆರಗನ್ನು ತಿರುವುತ್ತವೆ, ಹೊದಿಕೆಯ ದಾರ ಕೀಳುತ್ತವೆ. ಆ ಕೈಗಳಿಗೆ ಹಿಡಿಯಲು, ಸವರಲು, ಬಿಚ್ಚಿ ಮುಚ್ಚಲು ಏನಾದರೂ ಬೇಕು. ಹೊರದೇಶಗಳ ಆಸ್ಪತ್ರೆಗಳಲ್ಲೂ ಇದಕ್ಕಾಗಿ ಬಗೆಬಗೆಯ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆಗಳನ್ನು ಕೊಡುವುದುಂಟು. ನಮಗೆ ಅದು ಹೊಸದೇನಲ್ಲ. ನಮ್ಮಲ್ಲಿ ಕೌದಿ ಇದೆ. ನೆರೆಯ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿಯುವ ಕೌದಿಗೆ ಇಂದು ದೂರದೂರದಿಂದ ಬೇಡಿಕೆ ಬರುತ್ತಿದೆ.

ಮಡಿಲ ಕೌದಿ ಮಾಡುವ ಬಗೆ ಹೀಗೆ. ಒಂದೂವರೆ ಮೊಳ ಚೌಕ ಸಾಕು. ಕುಳಿತವರ ಮಡಿಲು ತುಂಬುವಷ್ಟು. ತಳಕ್ಕೆ ಮೆತ್ತಗಾದ ಹಳೆಯ ಹತ್ತಿ ಸೀರೆಯನ್ನು ಎರಡು ಮೂರು ಪದರ ಮಡಿಸಿ ಹಾಸಿ. ಅದರ ಮೇಲೆ ಅವರ ಬಾಳಿನ ಬಟ್ಟೆಗಳನ್ನೇ ಜೋಡಿಸಿ: ನಾಟಿಗೆ ಉಡುತ್ತಿದ್ದ ಸೀರೆಯ ತುಂಡು, ಯಜಮಾನರ ಪಂಚೆಯ ಅಂಚು, ಕಂಬಳಿಯ ಚೂರು, ಹಳೆಯ ಸೆರಗಿನ ಜರಿ, ಮೊಮ್ಮಗುವಿನ ಕುಲಾವಿಯ ಬಟ್ಟೆ. ಒರಟು, ನಯ, ಬಿಸುಪು, ತಂಪು ಎಲ್ಲವೂ ಬೆರಳಿಗೆ ಸಿಗಬೇಕು. ಅಂಚಿನಿಂದ ಒಳಕ್ಕೆ ಸುತ್ತಿ ಬರುವಂತೆ ಒತ್ತಾಗಿ ದಾರ ಓಡಿಸಿ. ಒಂದು ಜೇಬು ಇಟ್ಟು ಅದರಲ್ಲಿ ಕರವಸ್ತ್ರವಿಡಿ. ಅದನ್ನು ತೆಗೆಯುವುದು ಇಡುವುದು ಅವರಿಗೊಂದು ಕೆಲಸ. ದೊಡ್ಡ ಗುಂಡಿ, ಅದಕ್ಕೆ ಕಾಜ. ಎರಡು ಗೆಜ್ಜೆಗಳನ್ನು ಬಟ್ಟೆಯ ಒಳಗೇ ಇಟ್ಟು ನಾಲ್ಕೂ ಕಡೆ ಹೊಲಿದುಬಿಡಿ. ಸದ್ದು ಬರಬೇಕು, ಗೆಜ್ಜೆ ಹೊರಬರಬಾರದು.

ಜೋಪಾನದ ಮಾತುಗಳು: ಗಾಜಿನ ಬಳೆ, ಸಣ್ಣ ಮಣಿ, ಬೀಜ ಯಾವುದನ್ನೂ ಹೊಲಿಯಬೇಡಿ, ಬಾಯಿಗೆ ಹಾಕಿಕೊಂಡಾರು. ಜೋಲುವ ದಾರ ಗೇಣುದ್ದಕ್ಕಿಂತ ಹೆಚ್ಚಿರಬಾರದು. ಹೊಲಿದ ಪ್ರತಿಯೊಂದನ್ನೂ ಬಲವಾಗಿ ಎಳೆದು ಪರೀಕ್ಷಿಸಿ. ಹೊಲಿಗೆಗೆ ಕೂರುವಾಗ ಎಣಿಸಿದ ಸೂಜಿಗಳನ್ನು ಏಳುವಾಗಲೂ ಎಣಿಸಿ. ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಿ. ಮುಖ್ಯವಾದ ಒಂದು ಮಾತು: ಅವರ ಸೀರೆಯನ್ನು ಅವರ ಕಣ್ಣೆದುರು ಕತ್ತರಿಸಬೇಡಿ, ಈಗಲೂ ಇಷ್ಟಪಟ್ಟು ಉಡುವುದನ್ನು ಮುಟ್ಟಲೇಬೇಡಿ.

ಅಜ್ಜನಿಗೆ ಇನ್ನೊಂದು ಬಗೆ. ಪುಂಡಿನಾರಿನ ಹಿಡಿಯೊಂದನ್ನು ಕೊಟ್ಟು ಎದುರಿಗೆ ಒಬ್ಬರು ಕೂತರೆ ಹೊಸೆಯುವ ಕೈ ತಾನಾಗಿ ಆಡುತ್ತದೆ. ಕೆಲಸ ಮುಗಿದ ಮೇಲೆ ಹಗ್ಗವನ್ನು ಎತ್ತಿಡಿ. ಎತ್ತಿನ ಕೊರಳ ಹಳೆಯ ಗಂಟೆಯನ್ನು ತೊಳೆದು ಒರೆಸಿ ಕೊಡಿ. ಅಜ್ಜಿಗೆ ಮೊರದಲ್ಲಿ ಅಕ್ಕಿ ಕೊಡಿ. ಹತ್ತಿ ಕೊಟ್ಟು ಬತ್ತಿ ಮಾಡಿಸಿ, ದೀಪಾವಳಿಯ ಹಣತೆಗೆ ಆ ಬತ್ತಿಯನ್ನೇ ಹಾಕಿ, "ಇದು ನೀನು ಮಾಡಿದ ಬತ್ತಿ" ಎಂದು ತೋರಿಸಿ. ಮಕ್ಕಳ ಆಟಿಕೆ ತಂದು ಕೈಗಿಡುವುದಕ್ಕಿಂತ ಇದು ಮೇಲು. ಅವರು ಮಗುವಾಗಿಲ್ಲ, ಒಂದು ಸಂಸಾರವನ್ನು ದಡ ಮುಟ್ಟಿಸಿದವರು.

ಕೌದಿ ಔಷಧವಲ್ಲ, ಹೋದ ನೆನಪನ್ನು ಅದು ತಾರದು. ಕೆಲವರಿಗೆ ತಳಮಳ ತಗ್ಗುತ್ತದೆ, ಕೆಲವರು ಕೌದಿಯನ್ನು ತಳ್ಳಿಬಿಡುತ್ತಾರೆ. ತಳ್ಳಿದರೆ ಬಲವಂತ ಬೇಡ. ಎತ್ತಿಟ್ಟು ಇನ್ನೊಂದು ದಿವಸ ಕೊಟ್ಟುನೋಡಿ.

ಮನೆಯ ಅಪಾಯಗಳು

ರೈತರ ಮನೆಯಲ್ಲಿ ಪೇಟೆಯ ಮನೆಗಿಲ್ಲದ ಅಪಾಯಗಳಿವೆ. ಶುಂಠಿ, ಜೋಳದ ಬೆಳೆಗೆ ಹೊಡೆಯುವ ಕೀಟನಾಶಕ, ಕಳೆನಾಶಕಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಅವನ್ನು ನೀರಿನ ಬಾಟಲಿಗೆ ಎಂದೂ ಸುರಿಯಬೇಡಿ. ಕತ್ತಿ, ಕುಡುಗೋಲು, ಅಡಕತ್ತರಿ ಕೈಗೆಟುಕದಿರಲಿ. ಬಾವಿಗೆ ಕಟ್ಟೆ, ಕೃಷಿಹೊಂಡಕ್ಕೆ ಬೇಲಿ ಇರಲಿ. ಜಲಾಶಯ, ಕಾಲುವೆ, ಕೆರೆಗಳ ನಡುವೆ ಬಾಳುವ ನಮಗೆ ಇದು ದೊಡ್ಡ ಮಾತು. ದಾರಿ ತಪ್ಪಿ ಹೋಗುವ ತಂದೆಯ ಕಥೆಯನ್ನು 2016ರ "ಗೋಧಿ ಬಣ್ಣ ಸಾಧಾರಣ ಮೈಕಟ್ಟು" ಚಲನಚಿತ್ರದಲ್ಲಿ ಅನಂತ್ ನಾಗ್ ಅವರ ಅಭಿನಯದಲ್ಲಿ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಹಾಗಾಗದಂತೆ, ಹೆಸರು, ಊರು, ಮನೆಯ ದೂರವಾಣಿ ಸಂಖ್ಯೆಯನ್ನು ಬಟ್ಟೆಯ ಪಟ್ಟಿಯ ಮೇಲೆ ಬರೆದು ರವಿಕೆ ಅಥವಾ ಅಂಗಿಯ ಒಳಬದಿಗೆ ಹೊಲಿಯಿರಿ. ನೆರೆಮನೆಯವರಿಗೆ, ಅಂಗಡಿಯವರಿಗೆ, ಬಸ್ಸಿನವರಿಗೆ ಮೊದಲೇ ತಿಳಿಸಿಡಿ. ಇದರಲ್ಲಿ ನಾಚಿಕೆಯಿಲ್ಲ. ಕಾಣದಾದರೆ ಸಂಜೆಯವರೆಗೆ ಕಾಯದೆ ನೀರಿನ ಕಡೆಗೆ ಮೊದಲು ಹುಡುಕಿ, 112ಕ್ಕೆ ಕರೆ ಮಾಡಿ.

ಇನ್ನೊಂದು ಅಪಾಯ ಮನೆಯೊಳಗಿನದೇ. ಹಬ್ಬಕ್ಕೆ ಎಲ್ಲರೂ ಸೇರಿದ್ದಾರೆಂದು ಪಹಣಿ, ಪಾಲುಪತ್ರ ತಂದು ಅಜ್ಜನ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದುಂಟು. ತಾನೇನು ಮಾಡುತ್ತಿದ್ದೇನೆಂದು ತಿಳಿಯುವ ಸ್ಥಿತಿಯಲ್ಲಿಲ್ಲದವನು ಮಾಡಿಕೊಟ್ಟ ಕರಾರು 1872ರ ಕರಾರು ಕಾಯಿದೆಯ ಪ್ರಕಾರ ನಿಲ್ಲುವುದಿಲ್ಲ. ಮುಂದೆ ಅಣ್ಣತಮ್ಮಂದಿರು ಕೋರ್ಟು ಅಲೆಯಬೇಕಾದೀತು. ರೋಗದ ಮೊದಲ ದಿನಗಳಲ್ಲೇ, ಅವರ ಬುದ್ಧಿ ತಿಳಿಯಾಗಿರುವಾಗಲೇ, ಅವರ ಇಷ್ಟವನ್ನು ಕೇಳಿ, ವಕೀಲರ ಸಲಹೆ ಪಡೆದು ಪತ್ರ ಮಾಡಿಸುವುದು ಧರ್ಮ. ತಂದೆತಾಯಿಯರನ್ನು ನೋಡಿಕೊಳ್ಳುವುದು 2007ರ ಕಾಯಿದೆಯಂತೆ ಮಕ್ಕಳ ಕರ್ತವ್ಯವೂ ಹೌದು.

ಸೊಸೆಗೂ ಒಂದು ಹಬ್ಬ

ಕೊನೆಯದಾಗಿ, ವರ್ಷವಿಡೀ ಈ ಹಿರಿಯರನ್ನು ನೋಡಿಕೊಳ್ಳುವವರ ಮಾತು. ಹೆಚ್ಚಾಗಿ ಅದು ಹಳ್ಳಿಯಲ್ಲಿ ಉಳಿದ ಸೊಸೆ ಅಥವಾ ಮಗಳು. ರಾತ್ರಿ ನಾಲ್ಕು ಸಲ ಏಳುವವಳು, ಮೈ ತೊಳೆಸುವವಳು, "ಕಳ್ಳಿ, ನನ್ನ ದುಡ್ಡು ತೆಗೆದೆ" ಎಂದು ಬೈಸಿಕೊಳ್ಳುವವಳು ಅವಳೇ. ಆ ಬೈಗಳೂ ರೋಗದ್ದೇ, ಅತ್ತೆಯದಲ್ಲ. ಮೂರು ದಿನದ ಹಬ್ಬಕ್ಕೆ ಬಂದವರಿಗೆ ಅಜ್ಜಿ ನಗುನಗುತ್ತ ಕಾಣಬಹುದು. ಆಗ ಅವರು, "ಅಮ್ಮ ಚೆನ್ನಾಗಿಯೇ ಇದ್ದಾಳಲ್ಲ, ನೀವೇ ದೊಡ್ಡದು ಮಾಡುತ್ತೀರಿ" ಎನ್ನುತ್ತಾರೆ. ಇಲ್ಲವೇ, "ಇಷ್ಟು ಸೊರಗಿದ್ದಾಳೆ, ಸರಿಯಾಗಿ ಊಟ ಹಾಕುವುದಿಲ್ಲವೇ?" ಎಂದು ಕೇಳುತ್ತಾರೆ. ಒಂದು ಮಾತಿನಿಂದ ವರ್ಷದ ಸೇವೆಯೆಲ್ಲ ಮಣ್ಣುಪಾಲಾಗುತ್ತದೆ.

ಪೇಟೆಯಿಂದ ಬರುವ ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಬಂದ ರಾತ್ರಿಯಿಂದಲೇ ಅಜ್ಜಿಯ ಕೋಣೆಯಲ್ಲಿ ನೀವು ಮಲಗಿ. ಗಂಡಸರೂ ಮಲಗಿ. ಎರಡು ದಿವಸ ಆ ಸೊಸೆಯನ್ನು ತವರಿಗೆ ಕಳುಹಿಸಿ, ಇಲ್ಲವೇ ಮನೆಯಲ್ಲೇ ಕಣ್ತುಂಬ ನಿದ್ದೆಮಾಡಲು ಬಿಡಿ. ಹೋಗುವಾಗ ಮುಂದಿನ ಸರದಿಯ ದಿನ ಯಾವುದೆಂದು ಪಂಚಾಂಗದಲ್ಲಿ ಗುರುತು ಹಾಕಿ ಹೋಗಿ.

ಈ ರೋಗ ನಮಗೇ ಬಾರದಂತೆ ಮಾಡುವುದೂ ಸ್ವಲ್ಪಮಟ್ಟಿಗೆ ನಮ್ಮ ಕೈಯಲ್ಲಿದೆ. ಜಗತ್ತಿನ ಮರೆಗುಳಿ ರೋಗದಲ್ಲಿ ಸುಮಾರು 45 ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ ಅಂದಾಜು ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡುವುದು, ಬೀಡಿ ಮತ್ತು ಹೆಂಡ ಬಿಡುವುದು, ಕಿವಿ ಮಂದವಾದರೆ ಯಂತ್ರ ಹಾಕಿಸುವುದು, ಕಣ್ಣಿನ ಪೊರೆ ತೆಗೆಸುವುದು, ಬೈಕು ಓಡಿಸುವಾಗ ತಲೆಗೆ ಹೆಲ್ಮೆಟ್ ಹಾಕುವುದು, ಹೆಣ್ಣುಮಕ್ಕಳನ್ನೂ ಓದಿಸುವುದು, ನಾಲ್ಕು ಜನರೊಡನೆ ಬೆರೆತು ಬಾಳುವುದು: ದಾರಿಗಳು ಇವೇ.

ಈ ಹುಣ್ಣಿಮೆಗೆ ಮುಂಚೆ ಟ್ರಂಕು ತೆರೆದು, ಹಳೆಯ ಸೀರೆಯೊಂದನ್ನು ಹೊರತೆಗೆಯಿರಿ. ಊರಿನ ಹೆಂಗಸರ ಸಂಘದವರು ಮಧ್ಯಾಹ್ನ ಒಂದೆಡೆ ಕೂತರೆ ಹತ್ತು ದಿನಗಳಲ್ಲಿ ಕೌದಿ ಮುಗಿಯುತ್ತದೆ. ಯಾರ ಮನೆಯಲ್ಲಿ ಇಂಥ ಹಿರಿಯರಿದ್ದಾರೆಂಬುದು ಊರಿಗೆ ತಿಳಿಯುತ್ತದೆ. ತಿಳಿದ ಊರು ಅವರನ್ನು ಕಾಯುತ್ತದೆ.